ಯಲ್ಲಕ್ಕನ ಹುಣಸೆಬೀಜ

ಬಾ, ಕಾಲು ಚಾಚಿ ಮಲಕ್ಕೋ. ಬಹಳ ಹಿಂದೆ, ನಮ್ಮಜ್ಜಿಯ ಅಜ್ಜಿ ಇನ್ನೂ ತೊಟ್ಟಿಲಲ್ಲಿದ್ದ ಕಾಲದಲ್ಲಿ, ದೊಡ್ಡ ಕೆರೆಯಿದ್ದ ಒಂದು ಊರಿತ್ತಂತೆ. ಅಲ್ಲಿ ಮೂರು ವರ್ಷಕ್ಕೊಂದು ಸಲ ಯಜಮಾನನನ್ನ ಜನರೇ ಆರಿಸೋರಂತೆ. ನಿಂತವರಿಗೆ ಒಂದೊಂದು ಮಡಕೆ ಇಡೋದು, ಯಾರು ಬೇಕೋ ಅವರ ಮಡಕೆಗೆ ಹುಣಸೆಬೀಜ ಹಾಕೋದು. ತಲೆಗೊಂದು ಬೀಜ, ಎಷ್ಟು ಚೆಂದ ನೋಡು.

ಆಗ ಯಜಮಾನನಾಗಿದ್ದವನು ಕೆಂಚೇಗೌಡ. ಮಣ್ಣು ಅಗೆಯೋರ ಕೇರಿಯವರು ಕೆರೆಗೆ ಕೊಡ ಅದ್ದಬಾರದು ಅಂತ ಕಾವಲು ಹಾಕಿಸಿದ್ದನಂತೆ. ಕೇರಿಯ ಹೆಂಗಸರು ಕುಡಿಯೋ ನೀರಿಗೆ ಹರದಾರಿ ನಡೀಬೇಕಿತ್ತು. ಈ ಸಲ ಕೇರಿಯ ಬೀಜವೆಲ್ಲ ಎದುರಾಳಿ ಮಡಕೆಗೇ ಅಂತ ಅವನಿಗೆ ಗೊತ್ತಾಯ್ತು. ನೀರು ಕೊಟ್ಟಿದ್ರೆ ಮುಗೀತಿತ್ತು. ಅಂಥವರು ನೀರು ಕೊಡಲ್ಲ ಕಣೇ, ಕಾನೂನು ಮಾಡ್ತಾರೆ. ಮನೆಗೆ ಬಾಗಿಲಿಲ್ಲದವರು ಬೀಜ ಹಾಕೋ ಹಾಗಿಲ್ಲ ಅಂತ ಡಂಗುರ ಹೊಡೆಸಿದನಂತೆ. ಕೇರಿಯವರದು ಚಾಪೆ ಗುಡಿಸಲು, ಬಾಗಿಲೆಲ್ಲಿ?

ಆ ಕೇರಿಯಲ್ಲಿ ಯಲ್ಲಕ್ಕ ಅಂತ ಒಬ್ಬಳು. ಓದಿದವಳಲ್ಲ, ಗುದ್ದಲಿ ಹಿಡಿದು ಹಿಡಿದು ಕೈ ಕಲ್ಲಾಗಿತ್ತು. ಅತ್ತರೆ ಏನು ಬಂತು, ಬಿದಿರು ತನ್ನಿ ಅಂದಳಂತೆ. ನಾಲ್ಕೇ ದಿನದಲ್ಲಿ ಗುಡಿಸಲಿಗೊಂದು ತಟ್ಟಿ ಬಾಗಿಲಾಯ್ತು. ಆಮೇಲೆ ಶಾನುಭೋಗರು ನೋಡೋಕೆ ಬಂದು, ಇದೂ ಒಂದು ಬಾಗಿಲಾ ಅಂತ ನಗ್ತಾ ಬಗ್ಗದೆ ನುಗ್ಗಿ, ಮೇಲಿನ ಬೊಂಬಿಗೆ ಹಣೆ ಹೊಡಕೊಂಡರಂತೆ. ಬಾಗಿಲಿಲ್ಲದಿದ್ರೆ ಬುಗುಟು ಎಲ್ಲಿಂದ ಬಂತು ಸ್ವಾಮಿ, ಹಾಗೇ ಬರಕೊಳ್ಳಿ ಅಂದಳಂತೆ ಯಲ್ಲಕ್ಕ.

ಆಮೇಲೆ ಗೌಡ, ಮಡಕೆಗಳನ್ನ ಗುಡ್ಡದ ತುದಿಗೆ ಇಡ್ತೀನಿ, ಹತ್ತಿ ಬಂದವರು ಹಾಕಲಿ ಅಂದನಂತೆ. ಅವನ ಕಡೆಯವರನ್ನ ಡೋಲಿಯಲ್ಲಿ ಹೊರೋಕೆ ಆಳುಗಳಿದ್ದರು. ಕೇರಿಯಲ್ಲಿ ಮುದುಕರು, ಬಸುರಿಯರು, ಬಂಡೆ ಬಿದ್ದು ಕಾಲು ಮುರಿದವರು. ಯಲ್ಲಕ್ಕ ಗುಡ್ಡವನ್ನ ಒಮ್ಮೆ ಕೆಳಗಿಂದ ಮೇಲೆ ನೋಡಿ, ಇದು ನಮ್ಮ ಕೆಲಸವೇ ಅಲ್ವಾ ಅಂದಳಂತೆ. ಎಲ್ಲರೂ ಹಾರೆ, ಗುದ್ದಲಿ ಹೊತ್ತು ಹೋಗಿ ಬುಡದಿಂದ ತುದಿವರೆಗೆ ಮೆಟ್ಟಿಲು ಕಡಿದರಂತೆ. ಗುಡ್ಡ ಹತ್ತೋದು ನಮ್ಮ ಕೈಲಾಗಲ್ಲ ಅಂತ ಕೂತಿದ್ದ ಊರ ಮುದುಕಿಯರೂ ಸೆರಗು ಸಿಕ್ಕಿಸಿಕೊಂಡು ಎದ್ದರಂತೆ.

ಆರಿಸೋ ದಿನ ಎಲ್ಲರೂ ಹತ್ತಿ ಬಂದರೆ, ಗೌಡ ಮಡಕೆಗೆ ಅಡ್ಡ ನಿಂತಿದ್ದಾನೆ. ಹಿಂದಿನಿಂದಲೂ ಈ ಊರವರು ಅಂತ ಕಾಗದ ಇದ್ದವರು ಮಾತ್ರ ಹಾಕಿ ಅಂದನಂತೆ. ಕೇರಿಯವರ ಹತ್ರ ಎಂಥಾ ಕಾಗದ? ಎಲ್ಲರ ಮುಖ ಬಾಡಿತು. ಯಲ್ಲಕ್ಕ ಮಾತ್ರ, ಮೊದಲು ನಿಮ್ಮದನ್ನ ಓದಿಸಿ ಗೌಡ್ರೇ, ಕೇಳೋಣ ಅಂದಳಂತೆ. ಅವನು ಜಂಬದಿಂದ ಕೊಟ್ಟ, ಶಾನುಭೋಗರು ಗಟ್ಟಿಯಾಗಿ ಓದಿದರು. ಗೌಡನ ಮುತ್ತಜ್ಜ ಈ ಊರಿಗೆ ಬಂದಾಗ ಅವನಿಗೆ ಕೆರೆಯ ಕೆಳಗಿನ ಗದ್ದೆ ಕೊಟ್ಟಿದೆ ಅಂತಿತ್ತು.

ಯಲ್ಲಕ್ಕ ಕೆಳಗೆ ಕೆರೆ ಕಡೆ ಕೈ ತೋರಿಸಿದಳಂತೆ. ಬೇಸಿಗೆಗೆ ನೀರು ಇಳಿದು ನಡುವೆ ಒಂದು ದಿಬ್ಬ ಎದ್ದು ಕಾಣ್ತಿತ್ತು. ಮಣ್ಣು ಅಗೆಯೋರು ಎಷ್ಟು ಆಳ ಅಗೆದರು ಅಂತ ಅಳೆಯೋಕೆ ನಡುವೆ ಒಂದಿಷ್ಟು ನೆಲ ಹಾಗೇ ಬಿಡ್ತಾರೆ, ಅದು ಊರಿಗೆಲ್ಲ ಗೊತ್ತು.

"ಆ ದಿಬ್ಬ ನಮ್ಮ ಹಿರೀಕರು ಬಿಟ್ಟಿದ್ದು. ನಿಮ್ಮ ಮುತ್ತಜ್ಜ ಬರೋ ಹೊತ್ತಿಗೇ ಕೆರೆ ಇತ್ತು ಅಂತ ನಿಮ್ಮ ಕಾಗದವೇ ಹೇಳ್ತಿದೆ. ಕೆರೆ ತನ್ನನ್ನ ತಾನೇ ಅಗೆದುಕೊಳ್ತಾ ಗೌಡ್ರೇ?"

ಊರ ಮುದುಕಿಯೊಬ್ಬಳು ಗೌಡನ ರಟ್ಟೆ ಹಿಡಿದು ಪಕ್ಕಕ್ಕೆ ಸರಿಸಿ, ದಾರಿ ಬಿಡಪ್ಪಾ, ಯಲ್ಲಕ್ಕ ಮೊದಲು ಹಾಕಲಿ ಅಂದಳಂತೆ. ಯಲ್ಲಕ್ಕ ಹಾಕಿದಳು, ಕೇರಿಯೆಲ್ಲ ಹಾಕಿತು. ಗೌಡ ಸೋತ, ಕೆರೆಯ ಕಾವಲು ಹೋಯ್ತು, ಸಂಜೆಗೇ ಕೇರಿಯ ಕೊಡಗಳು ತುಂಬಿದವಂತೆ.

ಮೂರು ವರ್ಷ ಆದಮೇಲೆ ಮತ್ತೆ ಆರಿಸೋ ದಿನ ಬಂತು. ಕೇರಿಯ ಗಂಡಸರು ಕೆಂಚೇಗೌಡನನ್ನ ತಡೆದು, ನಿನಗೆ ಬೀಜ ಇಲ್ಲ, ಹೋಗು ಅಂದರಂತೆ. ಯಲ್ಲಕ್ಕನಿಗೆ ಎಲ್ಲಿತ್ತೋ ಕೋಪ, ಅವರನ್ನ ಬೈದು ಹಿಂದೆ ಕಳಿಸಿ, ತಾನೇ ಅವನ ಅಂಗೈಯಲ್ಲಿ ಬೀಜ ಇಟ್ಟಳಂತೆ.

"ಹಾಕಿ ಗೌಡ್ರೇ. ಇದು ನಿಮ್ಮೂರೂ ಹೌದು."

ಗೌಡ ತಲೆ ಬಗ್ಗಿಸಿ ಹಾಕಿದ. ಆಮೇಲೆ ಅವರೆಲ್ಲ ಒಂದೇ ಕೆರೆ ನೀರು ಕುಡಕೊಂಡು ಸುಖವಾಗಿದ್ದರಂತೆ. ಕತೆ ಅಷ್ಟೇ ಕಣೇ ಮಗಾ, ತೀರಿತು, ಕಣ್ಣು ಮುಚ್ಚು.