ಗೊರ್ ದಿಂಬಿನ ಕೊಟ್ರಮ್ಮನೂ ಮೀಸೆ ಮಹಾರಾಜನೂ

ಒಂದಾನೊಂದು ಊರಿನಲ್ಲಿ, ಊರು ಯಾವುದು ಅಂತ ಮಾತ್ರ ಕೇಳಬೇಡಿ, ಕೇಳಿದರೆ ನಾಚಿಕೊಂಡು ಪಕ್ಕದ ತಾಲ್ಲೂಕಿಗೆ ಹೋಗಿ ಕೂತುಬಿಡುತ್ತದೆ, ಆ ಊರಿನಲ್ಲಿ ಕೊಟ್ರಮ್ಮ ಅನ್ನುವ ಹೆಂಗಸು ದಿಂಬಿನ ಅಂಗಡಿ ಇಟ್ಟಿದ್ದಳು. ಬೂರುಗದ ಹತ್ತಿ ತಾನೇ ಬಿಡಿಸುತ್ತಿದ್ದಳು, ತಾನೇ ತುಂಬುತ್ತಿದ್ದಳು, ತಾನೇ ಹೊಲಿಯುತ್ತಿದ್ದಳು. ಅವಳ ದಿಂಬಿಗೆ ತಲೆ ತಾಗಿದರೆ ಸಾಕು. "ಆಹಾ, ಎಷ್ಟು ಮೆತ್ತಗಿದೆ" ಅನ್ನಲು ಹೊರಟವನು "ಆಹಾ" ಅನ್ನುವಷ್ಟರಲ್ಲಿ ನಿದ್ದೆ ಹೋಗಿರುತ್ತಿದ್ದ.

ಅದೇ ತೊಂದರೆಯಾಯಿತು ನೋಡಿ. ಮಲಗಿದವನು ಯಾರಿಗೆ ಏನು ಹೇಳುತ್ತಾನೆ? ಎದ್ದ ಮೇಲಾದರೂ ಹೇಳುತ್ತಾನೆಯೇ? ಇಲ್ಲ. ಮೈ ಮುರಿದು, ಮುಖ ತೊಳೆದು, ಕೆಲಸಕ್ಕೆ ಓಡುತ್ತಾನೆ. ಚೆನ್ನಾಗಿ ನಿದ್ದೆ ಮಾಡಿದವನಿಗೆ ಹೇಳಿಕೊಳ್ಳುವುದಕ್ಕೆ ಏನಿರುತ್ತದೆ? ಹೀಗಾಗಿ ಕೊಟ್ರಮ್ಮನ ದಿಂಬಿನ ವಿಷಯ ಪಕ್ಕದ ಮನೆಗೂ ಗೊತ್ತಾಗಲಿಲ್ಲ.

ಎದುರಿಗೇ ಗುರುಶಾಂತಪ್ಪನ ಅಂಗಡಿ. ಅವನು ಕಲ್ಲಿನ ದಿಂಬು ಮಾರುತ್ತಿದ್ದ. ಹೌದು, ಕಲ್ಲಿನದೇ. ಕೊಂಡವರಿಗೆ ಕತ್ತು ನೋವು, ನಿದ್ದೆಯಿಲ್ಲ. ನಿದ್ದೆಯಿಲ್ಲದವರು ಏನು ಮಾಡುತ್ತಾರೆ? ಮೊಬೈಲ್ ಹಿಡಿಯುತ್ತಾರೆ. "ನಾನೀಗ ಗುರುಶಾಂತಪ್ಪನ ಕಲ್ಲುದಿಂಬಿನ ಮೇಲೆ" ಅಂತ ಫೋಟೊ ಹಾಕುತ್ತಾರೆ. ಅದನ್ನು ನೋಡಿದವರೂ ಕೊಳ್ಳುತ್ತಾರೆ, ಅವರಿಗೂ ನಿದ್ದೆಯಿಲ್ಲ, ಅವರೂ ಫೋಟೊ ಹಾಕುತ್ತಾರೆ. ಗುರುಶಾಂತಪ್ಪನ ಹೆಸರು ದೇಶದ ತುಂಬ. ಅರಮನೆಯ ಮಂಚದ ಮೇಲೂ ಅವನದೇ ಕಲ್ಲು.

ಇತ್ತ ಕೊಟ್ರಮ್ಮನ ಅಂಗಡಿಯಲ್ಲಿ ದಿಂಬಿನ ಮೇಲೆ ದಿಂಬು ಬಿದ್ದಿತ್ತು. ಎಲ್ಲಕ್ಕೂ ಹಿರಿಯದು ಒಂದು ಚೌಕಳಿ ದಿಂಬು. ಅದು ಒಂದು ದಿನ ಬಾಯಿ ಬಿಟ್ಟು ಹೇಳಿತು.

"ಕೊಟ್ರಮ್ಮಾ, ನಮಗೆ ತಲೆ ಬೇಕು."

"ತಲೆ ಎಲ್ಲಿಂದ ತರಲಿ?"

"ಅದು ನಮಗೆ ಗೊತ್ತಿಲ್ಲ. ತಲೆ ಸಿಗದ ದಿಂಬು ಗಟ್ಟಿಯಾಗುತ್ತದೆ. ಗಟ್ಟಿಯಾದ ದಿಂಬು ಕುಂಬಳಕಾಯಿ ಆಗುತ್ತದೆ. ಮೂಲೆಯಲ್ಲಿರುವ ನಮ್ಮ ತಮ್ಮನನ್ನು ನೋಡು."

ನೋಡಿದಳು. ಮೂಲೆಯ ದಿಂಬು ಆಗಲೇ ಕುಂಬಳಕಾಯಿ ಆಗಿಹೋಗಿತ್ತು, ತೊಟ್ಟು ಸಮೇತ. ಕೊಟ್ರಮ್ಮ ಕಣ್ಣು ಒರೆಸಿಕೊಂಡಳು. ಅಳುತ್ತಲೇ ಅದನ್ನು ಹೆಚ್ಚಿ ಹುಳಿ ಮಾಡಿದಳು. ಹುಳಿ ಉಂಡವಳು ಸಂಜೆಯವರೆಗೆ ಮಲಗಿದಳು. ಎದ್ದವಳೇ ಅಂದುಕೊಂಡಳು, "ಕುಂಬಳಕಾಯಿ ಆದ ಮೇಲೂ ಇಷ್ಟು ನಿದ್ದೆ ಕೊಡುವ ಸರಕು ನನ್ನದು. ಸರಕಿನಲ್ಲಿ ದೋಷವಿಲ್ಲ. ಜನಕ್ಕೆ ತಿಳಿಯಬೇಕು, ಅಷ್ಟೇ. ತಿಳಿಸುವುದು ನನಗೆ ಬರುವುದಿಲ್ಲ, ಬರುವವರನ್ನು ಕೇಳುತ್ತೇನೆ."

ಪೇಟೆಯ ತುದಿಯಲ್ಲಿ ವಾಗೀಶ ಅನ್ನುವವನೊಬ್ಬನಿದ್ದ. ಅವನ ಬಾಗಿಲ ಮೇಲೆ "ಇಲ್ಲಿ ಹೆಸರು ಮಾಡಿಕೊಡಲಾಗುವುದು" ಅಂತ ಬೋರ್ಡು. ಅಂಗಡಿಗಳಿಗೆ ಹೆಸರಿಡುವುದು, ಗುರುತಿನ ಚಿತ್ರ ಬರೆಯುವುದು, ರೀಲ್ ಮಾಡಿ ಮೊಬೈಲಿಗೆ ಬಿಡುವುದು ಅವನ ಕಸುಬು. ಕೊಟ್ರಮ್ಮ ಚೌಕಳಿ ದಿಂಬನ್ನು ಕಂಕುಳಲ್ಲಿ ಇರುಕಿಕೊಂಡು ಹೋದಳು.

"ನಿಮ್ಮ ಸಂಭಾವನೆ ಏನಪ್ಪಾ?"

"ನಿಮ್ಮ ಆಕಳಿಕೆಯಲ್ಲಿ ಅರ್ಧ."

ಕೊಟ್ರಮ್ಮ ಯೋಚಿಸಿದಳು. "ಯಾವ ಅರ್ಧ? ಬಾಯಿ ತೆರೆಯುವ ಅರ್ಧವೋ, ಮುಚ್ಚುವ ಅರ್ಧವೋ?"

"ಮುಚ್ಚುವ ಅರ್ಧ. ಅದರಲ್ಲೇ ಸುಖ ಹೆಚ್ಚು."

"ಆಗಲಿ."

ಅಂದಿನಿಂದ ಕೊಟ್ರಮ್ಮ ಆಕಳಿಸಲು ಬಾಯಿ ತೆರೆದರೆ ವಾಗೀಶನೇ ಬಂದು ಮುಚ್ಚಬೇಕು. ಅವನು ಊರಲ್ಲಿ ಇಲ್ಲದ ದಿನ ಅವಳು ತೆರೆದ ಬಾಯಲ್ಲೇ ವ್ಯಾಪಾರ ಮಾಡುತ್ತಿದ್ದಳು.

ವಾಗೀಶ ಮೊದಲು ರೀಲ್ ಮಾಡಿದ. ಚೌಕಳಿ ದಿಂಬನ್ನು ಕಿಟಕಿಯ ಬೆಳಕಿನಲ್ಲಿ ಕೂರಿಸಿದ. ದಿಂಬು ಮೆಲ್ಲಗೆ, "ಬನ್ನಿ, ತಲೆ ಇಡಿ" ಅಂದಿತು. ಅಷ್ಟೇ ರೀಲ್. ಊರವರೆಲ್ಲ ನೋಡಿದರು. ನೋಡಿದವರೆಲ್ಲ, ಬೆರಳು ಲೈಕಿನ ಹತ್ತಿರ ಹೋಗುವ ಮೊದಲೇ, ಕೂತಲ್ಲೇ ನಿದ್ದೆ ಹೋದರು. ಮೊಬೈಲು ಮೂಗಿನ ಮೇಲೆ ಬಿತ್ತು. ಒಂದಾದರೂ ಲೈಕ್ ಬರಲಿಲ್ಲ.

"ಗೆದ್ದೆವು ಕೊಟ್ರಮ್ಮನೋರೇ!" ಅಂತ ವಾಗೀಶ ಕುಣಿದ.

"ಗೆದ್ದದ್ದು ಎಲ್ಲಿ ಕಾಣುತ್ತದಪ್ಪಾ?"

"ಜನರ ಮೂಗಿನ ಮೇಲೆ. ಹೇಗೆ ಊದಿದೆ ನೋಡಿ!"

"ಮೂಗು ಊದಿದರೆ ನನ್ನ ದಿಂಬು ಮಾರಿಹೋಗುತ್ತದೆಯೇ?"

ಅದು ಹೌದಲ್ಲ ಅನ್ನಿಸಿತು ವಾಗೀಶನಿಗೆ. ಅವನು ಸೋಲುವ ಪೈಕಿ ಅಲ್ಲ. ಮೊಬೈಲಿನಲ್ಲಿ ಲಕ್ಷಗಟ್ಟಲೆ ಹಿಂಬಾಲಕರಿದ್ದ ಲಲಿತಾಂಗಿ ಅನ್ನುವ ಹುಡುಗಿಯನ್ನು ಕರೆಸಿದ. ಅವಳು ಏನು ಉಟ್ಟರೆ ಜನ ಅದನ್ನು ಉಡುತ್ತಿದ್ದರು, ಏನು ತಿಂದರೆ ಅದನ್ನು ತಿನ್ನುತ್ತಿದ್ದರು. ಲಲಿತಾಂಗಿ ಕ್ಯಾಮೆರಾ ಮುಂದೆ ನಿಂತು, "ನಮಸ್ಕಾರ ಗೆಳೆಯರೇ, ಇವತ್ತು ನಾನೊಂದು ದಿಂಬಿನ ಬಗ್ಗೆ" ಅಂದಳು. ದಿಂಬಿಗೆ ಕೆನ್ನೆ ತಾಗಿಸಿದಳು. ಮಲಗಿಯೇ ಬಿಟ್ಟಳು. ಅವಳ ಹಿಂಬಾಲಕರೂ ಮಲಗಿದರು. ಹಿಂಬಾಲಕರಲ್ಲವೇ, ಹಿಂಬಾಲಿಸಿದರು.

ವಾಗೀಶ ತಲೆಯ ಮೇಲೆ ಕೈ ಹೊತ್ತು ಕೂತ. "ಕೊಟ್ರಮ್ಮನೋರೇ, ಹೊಗಳುವವರು ಎಚ್ಚರವಾಗಿರಬೇಕು. ನಿಮ್ಮ ದಿಂಬಿನ ಗುಣ ಕಂಡವರೆಲ್ಲ ಮಲಗಿರುತ್ತಾರೆ. ಮಲಗಿದವರು ಮಾತಾಡುವುದಿಲ್ಲ."

ಕೊಟ್ರಮ್ಮ ಕಿವಿ ನಿಮಿರಿಸಿದಳು. "ಯಾರಪ್ಪ ಹೇಳಿದ್ದು ಮಾತಾಡುವುದಿಲ್ಲ ಅಂತ? ಲಲಿತಾಂಗಿ ಹೇಳುತ್ತಿದ್ದಾಳಲ್ಲ, ಕೇಳಿ."

"ಏನು ಹೇಳುತ್ತಿದ್ದಾಳೆ?"

"ಗೊರ್."

ಇಬ್ಬರೂ ಸುಮ್ಮನೆ ಕೇಳಿದರು. ಗೊರ್. ಗೊರ್. ಗೊರ್.

ವಾಗೀಶ ಎದ್ದು ನಿಂತ. "ಅದೇ ಹೆಸರು!" ಅಂದ. "ಇನ್ನು ಮೇಲೆ ನಿಮ್ಮ ದಿಂಬಿನ ಹೆಸರು ಗೊರ್. ಮಲಗಿದವರೆಲ್ಲ ನಿಮ್ಮ ಹೆಸರನ್ನೇ ಕೂಗಬೇಕು. ಬೇಡ ಅಂದರೂ ಕೂಗಬೇಕು!"

ಆ ಗಳಿಗೆಯಿಂದ ವಾಗೀಶನ ಕೈ ನಿಲ್ಲಲಿಲ್ಲ. ಬೋರ್ಡಿಗೆ ನೀಲಿ ಬಳಿದ. ಮುಚ್ಚಿದ ಒಂದು ಕಣ್ಣು ಬರೆದು, ಕೆಳಗೆ "ಗೊರ್" ಅಂತ ದುಂಡಗೆ ಬರೆದ. ದಿಂಬಿನ ಮೂಲೆಗೂ ಅದೇ ಕಣ್ಣು, ಕೊಡುವ ಚೀಲದ ಮೇಲೂ ಅದೇ ಕಣ್ಣು. ಹೊಸ ರೀಲ್ ಬಿಟ್ಟ. ಅದರಲ್ಲಿ ದಿಂಬು ಇಲ್ಲ, ಲಲಿತಾಂಗಿಯೂ ಇಲ್ಲ. ಬರೀ ಕಪ್ಪು ಪರದೆ, ಒಂದೇ ಸದ್ದು: ಗೊರ್. ಕೊನೆಗೆ ಅಂಗಡಿಯ ವಿಳಾಸ. ಜನ ಎಚ್ಚರವಾಗಿಯೇ ನೋಡಿದರು. "ಏನಿದು ಗೊರ್?" ಅಂತ ಒಬ್ಬರಿಗೊಬ್ಬರು ಕಳಿಸಿದರು. ಏನು ಅಂತ ನೋಡಲು ಅಕ್ಕಸಾಲಿ ಬೀದಿಯ ಪುಟ್ನಂಜಪ್ಪ ಬಂದ, ಒಂದು ದಿಂಬು ಒಯ್ದ.

ಪುಟ್ನಂಜಪ್ಪ ಮುದ್ದೆ ಉಂಡು ಮಧ್ಯಾಹ್ನ ಅಡ್ಡಾದ. ಗೊರ್ ಅಂದ. ಪಕ್ಕದ ಮನೆಯವಳಿಗೆ ಆ ಸದ್ದಿನಲ್ಲಿ ಕಣ್ಣು ಮುಚ್ಚಲಾಗಲಿಲ್ಲ. "ಇವನೇನು ಗೊರ್ ಗೊರ್ ಅನ್ನುತ್ತಾನೆ? ಓಹೋ, ಮೊಬೈಲಿನಲ್ಲಿ ಬಂದ ದಿಂಬು!" ಅಂತ ಓಡಿಬಂದು ತಾನೂ ಒಂದು ಒಯ್ದಳು. ಅವಳೂ ಗೊರ್ ಅಂದಳು. ಅವಳ ಪಕ್ಕದ ಮನೆಯವರಿಗೆ ನಿದ್ದೆ ಕೆಟ್ಟಿತು. ಅವರೂ ಬಂದರು. ಅವರೂ ಗೊರ್. ಅವರ ಪಕ್ಕದವರೂ ಗೊರ್. ಬೀದಿಗೆ ಬೀದಿಯೇ ಗೊರ್. ನಾಯಿಗಳೂ ಬೊಗಳುವುದು ಬಿಟ್ಟು ಗೊರ್. ಅಂಗಡಿಯ ದಿಂಬುಗಳಿಗೆಲ್ಲ ತಲೆ ಸಿಕ್ಕಿತು. ಮಾರದೆ ಉಳಿದದ್ದು ಚೌಕಳಿ ದಿಂಬು ಒಂದೇ. ಅದು, "ನಾನು ದೊಡ್ಡ ತಲೆಗೆ ಕಾಯುತ್ತೇನೆ" ಅಂತ ಹಟ ಹಿಡಿದು ಕೂತಿತ್ತು.

ಈಗ ಅರಮನೆಗೆ ಬನ್ನಿ. ಆ ದೇಶದ ರಾಜನ ಹೆಸರು ಶ್ರೀಮದ್ರಾಜಾಧಿರಾಜ ಪ್ರಚಂಡಪರಾಕ್ರಮ ದಿಗ್ದಿಗಂತಕೀರ್ತಿ ಮೀಸೇಂದ್ರಭೂಪಾಲ. ಅವನಿಗೆ ರಾಜ್ಯದ ಚಿಂತೆಯಿರಲಿಲ್ಲ. ಇದ್ದದ್ದು ಮೀಸೆಯ ಚಿಂತೆ. ದಿನಾ ಬೆಳಿಗ್ಗೆ ಮೀಸೆ ತಿರುವಿ ಫೋಟೊ ಹಾಕುತ್ತಿದ್ದ. ಆಮೇಲೆ ಕಲ್ಲುದಿಂಬಿಗೆ ಒರಗಿ, ಕತ್ತು ಉಜ್ಜಿಕೊಳ್ಳುತ್ತ, ಲೈಕ್ ನೋಡುತ್ತಿದ್ದ. ಮೊಬೈಲು ಕೈಗೆ ಬಂದಂದಿನಿಂದ ಮಹಾರಾಜ ಕಣ್ಣು ಮುಚ್ಚಿರಲಿಲ್ಲ.

ಆ ದಿನ ಮೀಸೆಗೆ ಒಂದೂ ಲೈಕ್ ಬರಲಿಲ್ಲ.

"ಮಂತ್ರೀ! ನಮ್ಮ ಮೀಸೆಗೆ ಏನಾಗಿದೆ?"

"ಮೀಸೆ ಚೆನ್ನಾಗಿಯೇ ಇದೆ ಮಹಾಸ್ವಾಮಿ. ಪ್ರಜೆಗಳು ಮಲಗಿದ್ದಾರೆ."

"ಮಲಗಿ ಏನು ಮಾಡುತ್ತಿದ್ದಾರೆ?"

"ಒಂದು ಹೆಸರು ಜಪಿಸುತ್ತಿದ್ದಾರೆ."

ರಾಜನ ಮುಖ ಅರಳಿತು. "ನಮ್ಮದೇ ತಾನೇ?"

ಮಂತ್ರಿ ನೆಲ ನೋಡಿದ. "ಅಲ್ಲ ಮಹಾಸ್ವಾಮಿ. ದಿಂಬಿನದು."

ರಾಜನಿಗೆ ಸಿಟ್ಟು ನೆತ್ತಿಗೇರಿತು. ಕೊಟ್ರಮ್ಮನಿಗೆ ಕರೆ ಹೋಯಿತು. ಅವಳು ಚೌಕಳಿ ದಿಂಬನ್ನು ಕಂಕುಳಲ್ಲಿ ಇರುಕಿಕೊಂಡು, ವಾಗೀಶನನ್ನೂ ಕರೆದುಕೊಂಡು, ಅರಮನೆಗೆ ಬಂದಳು. ರಾಜ ಗುಡುಗಿದ.

"ಏ ಹೆಂಗಸೇ! ಪ್ರಜೆಗಳು ಗೊರಕೆ ಹೊಡೆಯಲಿ, ಬೇಡ ಅನ್ನುವುದಿಲ್ಲ. ಆದರೆ ಗೊರಕೆಯಲ್ಲಿ ನಮ್ಮ ಹೆಸರು ಬರಬೇಕು. ಪೂರ್ತಿ ಹೆಸರು! ಬರದಿದ್ದರೆ ನಿನ್ನ ದಿಂಬುಗಳನ್ನೆಲ್ಲ ಸೀಳಿಸಿ ಹತ್ತಿಯನ್ನು ಗಾಳಿಗೆ ತೂರಿಸುತ್ತೇವೆ."

ಕೊಟ್ರಮ್ಮ ಕಂಕುಳ ದಿಂಬನ್ನು ಇನ್ನಷ್ಟು ಅಮುಕಿಕೊಂಡಳು. ಬೆರಳು ಸವೆಯುವಂತೆ ಹೊಲಿದ ದಿಂಬುಗಳು ಅವು. "ಪ್ರಯತ್ನ ಮಾಡೋಣ ಬುದ್ಧಿ" ಅಂದಳು.

ಬಾಗಿಲಲ್ಲೇ ಒಬ್ಬ ಪೈಲ್ವಾನ ಗೊರ್ ದಿಂಬಿಗೆ ತಲೆಯಿಟ್ಟು ಮಲಗಿದ್ದ. ವಾಗೀಶ ಅವನ ಕಿವಿಯಲ್ಲಿ ರಾಜನ ಹೆಸರು ಊದತೊಡಗಿದ. "ಶ್ರೀಮದ್ರಾಜಾಧಿರಾಜ" ಅನ್ನುವಾಗ ಪೈಲ್ವಾನ ಮಗ್ಗುಲು ಬದಲಿಸಿದ. "ಪ್ರಚಂಡಪರಾಕ್ರಮ" ಅನ್ನುವಾಗ ಸೊಳ್ಳೆ ಅಂತ ತಿಳಿದು ಫಟಾರನೆ ಹೊಡೆದ. ವಾಗೀಶ ಕೆನ್ನೆ ಹಿಡಿದುಕೊಂಡು ವಾಪಸು ಬಂದ.

"ಮಹಾಸ್ವಾಮಿ, ಗೊರಕೆಗೆ ನಿಮ್ಮ ಹೆಸರು ಕಲಿಸಲು ಆಗುವುದಿಲ್ಲ. ನಿಮ್ಮ ಹೆಸರಿಗೇ ಗೊರಕೆ ಕಲಿಸಬಹುದು."

"ಹಾಗಂದರೆ?"

"ಹೆಸರು ಉದ್ದವಾಯಿತು. ನಾಲಿಗೆಗೆ ಭಾರ, ಮೊಬೈಲಿನ ಪರದೆಯಲ್ಲಿ ಹಿಡಿಸುವುದಿಲ್ಲ. ಚಿಕ್ಕದು ಮಾಡೋಣ."

"ಎಷ್ಟು ಚಿಕ್ಕದು?"

"ಒಂದು ಗೊರಕೆಯಷ್ಟು. ಗೊರ್ ಮಹಾರಾಜ."

ರಾಜ ಎದ್ದು ಮೊಗಸಾಲೆಗೆ ಹೋಗಿ ಕಿವಿಗೊಟ್ಟ. ಊರಿನ ಮನೆಮನೆಯಿಂದ ಸದ್ದು ಬರುತ್ತಿತ್ತು. ಗೊರ್. ಗೊರ್. ಗೊರ್. ಮೀಸೆಯ ತುದಿ ಸಂತೋಷಕ್ಕೆ ನಡುಗಿತು. "ಎಲ್ಲರೂ ನನ್ನನ್ನೇ ಕರೆಯುತ್ತಿದ್ದಾರೆ" ಅಂತ ಕಣ್ಣೀರು ಹಾಕಿದ. "ಒಪ್ಪಿದೆ!"

ಆಗ ಕಂಕುಳಿಂದ ಚೌಕಳಿ ದಿಂಬು ಮಾತಾಡಿತು. "ನಾನು ಒಪ್ಪಿಲ್ಲ. ಅದು ನನ್ನ ಹೆಸರು."

ರಾಜ ಬೆಚ್ಚಿದ. "ಬದಲಿಗೆ ಏನು ಬೇಕೋ ಕೇಳು. ಅರ್ಧ ರಾಜ್ಯ?"

"ಬೇಡ."

"ರೇಷ್ಮೆ ಗವಸು?"

"ಬೇಡ. ನಿನ್ನ ತಲೆ ಕೊಡು."

ಝಳ್ ಅಂತ ಕತ್ತಿಗಳು ಒರೆಯಿಂದ ಈಚೆ ಬಂದವು. "ಮಹಾರಾಜರ ತಲೆ ಕೇಳುತ್ತದೆ! ರಾಜದ್ರೋಹ! ಸೀಳಿರಿ ಅದನ್ನು!" ಅಂತ ಮಂತ್ರಿ ಕಿರುಚಿದ. ಭಟರು ಮುನ್ನುಗ್ಗಿದರು.

ಕೊಟ್ರಮ್ಮ ದಿಂಬನ್ನು ಎದೆಗೆ ಅವಚಿಕೊಂಡು ನಡುವೆ ನಿಂತಳು. ಒಂದು ಹೆಜ್ಜೆ ಹಿಂದೆ ಸರಿಯಲಿಲ್ಲ. "ಸ್ವಲ್ಪ ತಡೀರಪ್ಪ! ದಿಂಬು ತಲೆ ಕೇಳದೆ ಇನ್ನೇನು ಕೇಳುತ್ತದೆ? ಕಾಲು ಕೇಳುತ್ತದೆಯೇ? ಕಡಿದು ಕೊಡಿ ಅಂದಿತೇ ಅದು? ಇಟ್ಟು ಕೊಡಿ ಅಂತ ಅದರ ಮಾತು. ಬುದ್ಧಿ, ನನ್ನ ಸರಕಿನ ಮೇಲೆ ನನಗೆ ನಂಬಿಕೆಯಿದೆ. ಒಂದು ಸಲ ತಲೆಯಿಟ್ಟು ನೋಡಿ. ಹಿಡಿಸದಿದ್ದರೆ ಎಚ್ಚರವಾಗಿಯೇ ಇರುತ್ತೀರಲ್ಲ, ಆಗ ಸೀಳಿಸಿ."

ರಾಜ ಅವಳ ಮುಖ ನೋಡಿದ. ಅವನ ಕಣ್ಣುಗಳು ಕೆಂಪಗೆ ಊದಿಕೊಂಡಿದ್ದವು. ಕತ್ತು ಒಂದು ಕಡೆ ವಾಲಿತ್ತು. "ಲೈಕ್ ಬಂದರೆ ಯಾರು ನೋಡುತ್ತಾರೆ?" ಅಂತ ಮಗುವಿನಂತೆ ಕೇಳಿದ.

"ಯಾರು ಒತ್ತುತ್ತಾರೆ ಬುದ್ಧಿ? ಎಲ್ಲರೂ ಮಲಗಿದ್ದಾರೆ."

"ಅದೂ ನಿಜ" ಅಂದ ರಾಜ. ಕಿರೀಟ ತೆಗೆದು ಮಂತ್ರಿಯ ಕೈಗೆ ಕೊಟ್ಟ. ನೆಲದ ಮೇಲೆಯೇ ಅಡ್ಡಾದ. ದಿಂಬಿಗೆ ತಲೆಯಿಟ್ಟು "ಆಹಾ" ಅಂದ.

ಮೊಬೈಲು ಕೈಯಿಂದ ಜಾರಿತು. ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ತಿರುವಿದ ಮೀಸೆ ಮೆಲ್ಲಗೆ ಕೆಳಗಿಳಿದು ಗಲ್ಲದ ಮೇಲೆ ಬೆಕ್ಕಿನ ಮರಿಯಂತೆ ಮಲಗಿತು. "ದೊಡ್ಡ ತಲೆಯೇ ಸಿಕ್ಕಿತು" ಅಂತ ಪಿಸುಗುಟ್ಟಿ ದಿಂಬೂ ಸುಮ್ಮನಾಯಿತು. ಮಹಾರಾಜ ಜೋರಾಗಿ ಗೊರ್ ಅಂದ. ಭಟರಿಗೆ ದಿಗಿಲಾಯಿತು. ಮಹಾರಾಜರು ತಮ್ಮ ಹೆಸರು ಹೇಳುತ್ತಿದ್ದಾರೋ, ದಿಂಬಿನ ಪ್ರಚಾರ ಮಾಡುತ್ತಿದ್ದಾರೋ? ಯಾವುದಕ್ಕೂ ಇರಲಿ ಅಂತ ಎಲ್ಲರೂ ಕೈಮುಗಿದರು. ವಾಗೀಶ ಮಾತ್ರ ಸದ್ದಿಲ್ಲದೆ ಒಂದು ಫೋಟೊ ತೆಗೆದು ಮೊಬೈಲಿಗೆ ಬಿಟ್ಟ. ಮಲಗಿದ ರಾಜನ ಮುಖ ಅಷ್ಟು ಸಮಾಧಾನವಾಗಿದ್ದದ್ದನ್ನು ದೇಶ ನೋಡಿದ್ದು ಅದೇ ಮೊದಲು. ಆಮೇಲೆ ಪಕ್ಕದ ದೇಶದವರೂ ಕೊಟ್ರಮ್ಮನ ಅಂಗಡಿಯ ಮುಂದೆ ಸಾಲು ನಿಂತರು.

ಎದುರಂಗಡಿ ಗುರುಶಾಂತಪ್ಪನ ಕಲ್ಲು ಕೇಳುವವರಿಲ್ಲದಾಯಿತು. ಅವನು ನಾಚಿಕೆ ಬಿಟ್ಟು ಬಂದ. "ತಂಗೀ, ನನಗೂ ಒಂದು ದಾರಿ ತೋರಿಸಮ್ಮ" ಅಂದ.

"ಬಾ ಅಣ್ಣಾ" ಅಂದಳು ಕೊಟ್ರಮ್ಮ. "ನಿನ್ನ ಕಲ್ಲು ಒಳ್ಳೆಯ ಕಲ್ಲೇ. ಹೆಸರು ತಪ್ಪಾಗಿತ್ತು, ಅಷ್ಟೇ." ವಾಗೀಶ ಕಲ್ಲನ್ನು ತಿರುವಿ ನೋಡಿದ. "ಇದು ಬಟ್ಟೆ ಒಗೆಯುವ ಕಲ್ಲು" ಅಂದ. ಮಾರನೆಯ ಬೆಳಿಗ್ಗೆ ಅದಕ್ಕೂ ಒಂದು ಹೆಸರು, ಒಂದು ಚಿತ್ರ, ಒಂದು ರೀಲ್. ಹೆಸರು ಏನು ಗೊತ್ತೇ? ಧಪ್. ಊರಿನ ಹಿತ್ತಿಲುಗಳಲ್ಲೆಲ್ಲ ಧಪ್ ಧಪ್ ಅಂತ ಗುರುಶಾಂತಪ್ಪನ ಹೆಸರು.

ಇನ್ನು ರಾಜ. ಅವನು ಚೆನ್ನಾಗಿ ಮಲಗಿ, ಸಾಕಾದಾಗ ಎದ್ದ. ಮಂತ್ರಿ ಎರಡು ಕೈಯಲ್ಲೂ ಮೊಬೈಲು ಹಿಡಿದು ಮುಂದೆ ಚಾಚಿದ. ರಾಜ ಅದನ್ನು ನೋಡಿದ. ಮೀಸೆಯನ್ನು ಸವರಿಕೊಂಡ. ಆಮೇಲೆ ಕೇಳಿದ.

"ಊಟಕ್ಕೆ ಏನು ಮಾಡಿದ್ದೀರಿ?"

ಈ ಕತೆಯ ನೀತಿ ಕೇಳಿಸಿಕೊಳ್ಳಿ. ಅಂಗಡಿಗೆ ಹೆಸರಿಡುವ ಮೊದಲು ಎಚ್ಚರವಿರುವವರ ಅಭಿಪ್ರಾಯ ಕೇಳಿ. ಮಲಗಿರುವವರದನ್ನು ತಪ್ಪದೆ ಕೇಳಿ. ಕೇಳಿಯೂ ಗೊತ್ತಾಗದಿದ್ದರೆ ಗೊತ್ತಿರುವವರ ಹತ್ತಿರ ಹೋಗಿ, ಅರ್ಧ ಆಕಳಿಕೆಗಿಂತ ಹೆಚ್ಚು ಕೇಳಿದರೆ ಚೌಕಾಸಿ ಮಾಡಿ.

ಕತೆ ಆ ಕಡೆ ಮಗ್ಗುಲಾಯಿತು, ನಾನು ಈ ಕಡೆ ಎದ್ದು ಬಂದೆ. ನೀವು ಊಂ ಅಂದದ್ದು ನಿಮಗೆ, ನಾನು ಹೇಳಿದ್ದು ಗಾಳಿಗೆ.