ಹೊಳೆಯುವ ಮೀನಿನ ಮರಿಗಳು

"ಗುರುಗಳೇ, ನಮ್ಮ ಮನೆಗೆ ನೂರು ವರ್ಷದ ಹೆಸರಿದೆ. ನಮ್ಮ ಅಜ್ಜ ಊರಿಗೆ ಶಾಲೆ ಕಟ್ಟಿಸಿದವರು. ನಮ್ಮ ತಂದೆ ಮಾತಿಗೆ ತಪ್ಪಿದ್ದನ್ನು ಯಾರೂ ಕಂಡಿಲ್ಲ. ಅಂಥ ಮನೆಯ ನಾನು ವಿಧವೆ ಅಕ್ಕನನ್ನು ಸಂಬಳವಿಲ್ಲದ ಅಡುಗೆಯವಳಾಗಿ ಇಟ್ಟುಕೊಂಡಿದ್ದೇನೆ ಎಂದು ನೆರೆಯವರು ಆಡಿಕೊಂಡರು. ಆ ಮಾತು ಸುಳ್ಳೆಂದು ತೋರಿಸಲು ಅಕ್ಕನನ್ನು ಅವಳ ಮೈದುನನ ಮನೆಗೆ ಕಳಿಸಿಬಿಟ್ಟೆ. ಈಗ ಅವರು ನನ್ನ ಕ್ಷಮೆ ಕೇಳಬೇಕಲ್ಲವೆ?"

ಕೇಳಿದವಳು ಶಿಷ್ಯೆ ಚಂದ್ರಮತಿ. ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಒಬ್ಬ ಗೃಹಿಣಿಯಿದ್ದಳು. ಅವಳದೂ ಹೆಸರುವಾಸಿ ಮನೆತನ. ಅವಳು ಒಬ್ಬ ವರ್ತಕನಿಂದ ಆರು ಮೀನು ಕೊಂಡಳು. ಅವು ಕೆಂಡದ ಹಾಗೆ ಹೊಳೆಯುವ ಮೀನುಗಳು. ಯಾವುದೋ ಕಡಲ ಜೀವಿಯ ಗುಣವನ್ನು ಮೀನಿನ ಮೊಟ್ಟೆಗೆ ಸೇರಿಸಿ ಒಂದು ಕಂಪನಿ ಆ ತಳಿಯನ್ನು ಮಾಡಿತ್ತು, ಅದಕ್ಕೆ ಪೇಟೆಂಟನ್ನೂ ಪಡೆದಿತ್ತು. ಕೊಂಡವರು ಮೀನು ಸಾಕಬಹುದು, ಮರಿ ಮಾಡಿಸಬಾರದು. ಈ ನಿಯಮ ಮೀನು ತುಂಬಿಕೊಟ್ಟ ಪ್ಲಾಸ್ಟಿಕ್ ಚೀಲದ ಮೇಲೆ ಇರುವೆಯಂಥ ಅಕ್ಷರಗಳಲ್ಲಿತ್ತು. ಗೃಹಿಣಿ ಮೀನುಗಳನ್ನು ಜಗಲಿಯ ಗಾಜಿನ ತೊಟ್ಟಿಗೆ ಬಿಟ್ಟು ಚೀಲವನ್ನು ಎಸೆದಳು.

ಒಂದು ಬೆಳಗ್ಗೆ ಹೆಣ್ಣು ಮೀನು ಮೊಟ್ಟೆ ಉದುರಿಸಿತು. ಉದುರಿಸಿದ್ದನ್ನು ಹಿಂದಿರುಗಿ ತಾನೇ ತಿನ್ನತೊಡಗಿತು. ಗೃಹಿಣಿಗೆ ನೋಡಲಾಗಲಿಲ್ಲ. ಮಕ್ಕಳು ಆಡಿ ಬಿಟ್ಟಿದ್ದ ಗೋಲಿಗಳನ್ನು ತೊಳೆದು ತೊಟ್ಟಿಯ ತಳಕ್ಕೆ ಹಾಸಿದಳು. ಮುಂದಿನ ಸಲ ಮೊಟ್ಟೆಗಳು ಗೋಲಿಗಳ ಸಂದಿಗೆ ಇಳಿದವು. ತಾಯಿಯ ಬಾಯಿಗೆ ಸಿಗಲಿಲ್ಲ. ಅವಳು ದೊಡ್ಡ ಮೀನುಗಳನ್ನು ಬೇರೆ ತೊಟ್ಟಿಗೆ ಸಾಗಿಸಿದಳು. ಹುಟ್ಟಿದ ಮರಿಗಳು ಕೂದಲೆಳೆಯಷ್ಟು ಸಣ್ಣವು. ಬೇಯಿಸಿದ ಕೋಳಿಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಹಿಂಡಿ, ದಿನಕ್ಕೆ ಮೂರು ಹೊತ್ತು ಹನಿಹನಿಯಾಗಿ ಉಣಿಸಿದಳು. ಎರಡು ತಿಂಗಳಲ್ಲಿ ಮೂವತ್ತೊಂದು ಮರಿ ಉಳಿದವು. ಒಂದರ ಬೆನ್ನು ಡೊಂಕು. ಮೊದಲ ಹನಿ ಯಾವಾಗಲೂ ಅದಕ್ಕೆ.

ಮೀನಿನ ಆಹಾರ ಕೊಡಲು ಬಂದ ವರ್ತಕ ಎರಡು ತೊಟ್ಟಿ ನೋಡಿದ. ಗೋಲಿಗಳನ್ನೂ ನೋಡಿದ. ಬೀದಿಗೆಲ್ಲ ಕೇಳುವಂತೆ ದನಿ ಎತ್ತರಿಸಿದ.

"ಏನಮ್ಮಾ, ದೊಡ್ಡ ಮನೆಯವರೂ ಕದ್ದು ಮರಿ ಮಾಡಿಸುತ್ತಾರೇನು? ಈ ಮೀನಿನ ಸಂತಾನವೆಲ್ಲ ಕಂಪನಿಗೆ ಸೇರಿದ್ದು."

"ಗಂಡು ಹೆಣ್ಣು ಎರಡನ್ನೂ ಒಂದೇ ಚೀಲದಲ್ಲಿ ಕಟ್ಟಿಕೊಟ್ಟವನು ನೀನು. ದೂರ ದೂರ ಇರಿ ಎಂದು ನಾನು ಅವಕ್ಕೆ ನೋಟಿಸು ಕೊಡಬೇಕಿತ್ತೇನಯ್ಯ?"

ದನಿ ಕೇಳಿ ಬಂದು ನಿಂತಿದ್ದ ಬೀದಿಯ ಜನ ನಕ್ಕರು. ವರ್ತಕ ನಗಲಿಲ್ಲ.

"ಅವುಗಳ ಪಾಡಿಗೆ ಬಿಟ್ಟಿದ್ದರೆ ತಾಯಿಯೇ ತಿಂದು ಮುಗಿಸುತ್ತಿತ್ತು. ಗೋಲಿ ಹಾಸಿದವರು ಯಾರು?"

ನಾನೇ, ನೋಡಲಾಗದೆ ಹಾಸಿದೆ ಎಂದು ಅವಳು ಹೇಳಬಹುದಿತ್ತು. ಆ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು ಕೂಡ. ಆದರೆ ಬೀದಿಯವರೆಲ್ಲ ಅವಳ ಬಾಯನ್ನೇ ನೋಡುತ್ತಿದ್ದರು. ದೊಡ್ಡ ಮನೆಯಲ್ಲೂ ಕಳ್ಳತನವೇ ಎಂದು ನಾಳೆ ಆಡಿಕೊಳ್ಳುವವರು ಇವರೇ.

"ಅಂದಕ್ಕೆ ಹಾಕಿದ್ದು," ಎಂದಳು. "ಆ ಮರಿಗಳಿಗೂ ನನಗೂ ಸಂಬಂಧವಿಲ್ಲ."

"ಸಂಬಂಧವಿಲ್ಲದಿದ್ದರೆ ಚೆಲ್ಲಿಬಿಡಿ. ಇಲ್ಲೇ, ಎಲ್ಲರ ಎದುರಿಗೆ. ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ."

ಸಿಟ್ಟು ಅವಳ ನೆತ್ತಿಗೇರಿತು. ಮಾರಿದ ಮೇಲೂ ಮೀನಿನ ಹೊಟ್ಟೆಯ ಮೊಟ್ಟೆ ತನ್ನದೆನ್ನುವ ಇವನು, ಅಂಗಳದಲ್ಲಿ ನಿಂತು ನನ್ನ ಮನೆತನವನ್ನು ಪರೀಕ್ಷೆ ಮಾಡುವುದೇ! ತೊಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ ಅಂಗಳದ ಕಾದ ಚಪ್ಪಡಿಯ ಮೇಲೆ ಸುರಿದಳು. ಗೋಲಿಗಳು ಉರುಳಿದವು. ನೀರು ಹರಿದುಹೋಯಿತು. ಮರಿಗಳು ಬಿಸಿಲಿನಲ್ಲಿ ಕೆಂಪಗೆ ಮಿಂಚುತ್ತ ಎಗರಿದವು. ಬೆನ್ನು ಡೊಂಕಾದದ್ದು ಎಲ್ಲಕ್ಕಿಂತ ಹೆಚ್ಚು ಹೊತ್ತು ಒದ್ದಾಡಿತು.

ಅವಳು ಕೆಳಗೆ ನೋಡಲಿಲ್ಲ. ವರ್ತಕನ ಮುಖವನ್ನೇ ನೋಡುತ್ತ, "ಕ್ಷಮೆ ಕೇಳು," ಎಂದಳು.

ಅವನು ಕೈಮುಗಿದು ಕೇಳಿದ. ಜನ ಚದುರಿದರು. ಅಂದಿನಿಂದ ಆ ಬೀದಿಯಲ್ಲಿ ಯಾರೂ ಅವಳ ಮನೆಯ ಬಗ್ಗೆ ತುಟಿ ಬಿಚ್ಚಲಿಲ್ಲ.

ಗುರುಗಳು ನಿಲ್ಲಿಸಿದರು. ಚಂದ್ರಮತಿಗೆ ಸಮಾಧಾನವಾಯಿತು.

"ಅಂತೂ ಅವಳಿಗೆ ಕ್ಷಮೆ ಸಿಕ್ಕಿತಲ್ಲ, ಗುರುಗಳೇ. ಮನೆಯ ಹೆಸರು ಉಳಿಯಿತು."

ಗುರುಗಳ ದನಿ ಎಂದೂ ಇಲ್ಲದಷ್ಟು ಗಡುಸಾಗಿತ್ತು.

"ಉಳಿಯಿತು, ಇನ್ನು ಅವಳು ಆ ಮರಿಗಳ ಕ್ಷಮೆ ಕೇಳಲಿ."