ಹಾಡುಗಾರ್ತಿಯ ಸಾವಿನ ವಿಚಾರಣೆ

“ಗುರುಗಳೇ, ನಾವು ದಿನವೂ ಹಾಡುವ ಈ ಹಾಡುಗಳನ್ನು ಕಟ್ಟಿದವಳು ಸತ್ತದ್ದು ಹೇಗೆ?” ಎಂದು ಶಿಷ್ಯೆ ಕೇಳಿದಳು.

“ಇವತ್ತೇಕೆ ಆ ಪ್ರಶ್ನೆ?” ಎಂದರು ಗುರು.

“ಬೆಳಗ್ಗೆ ಛತ್ರದಲ್ಲಿ ಮೂವರು ಯಾತ್ರಿಕರು ಜಗಳವಾಡುತ್ತಿದ್ದರು. ಕೆರೆಯಲ್ಲಿ ಕಾಲು ಜಾರಿ ಸತ್ತಳು ಎಂದ ಒಬ್ಬ. ಅರಮನೆಯವರು ನೂಕಿದರು ಎಂದ ಇನ್ನೊಬ್ಬ. ತಾನೇ ಹಾರಿಕೊಂಡಳು ಎಂದ ಮತ್ತೊಬ್ಬ. ಮೂವರೂ ಅವಳ ಮನೆಯ ಪಡಸಾಲೆಯಲ್ಲೇ ಹುಟ್ಟಿ ಬೆಳೆದವರ ಹಾಗೆ ಮಾತಾಡುತ್ತಿದ್ದರು. ನನಗೆ ನಾಚಿಕೆಯಾಯಿತು. ನಾಲ್ಕು ವರ್ಷದಿಂದ ಅವಳ ಹಾಡು ಹಾಡುತ್ತಿದ್ದೇನೆ, ಅವಳು ಹೇಗೆ ಸತ್ತಳೆಂಬುದು ನನಗೆ ಗೊತ್ತಿಲ್ಲ. ಅದು ತಿಳಿಯುವವರೆಗೆ ನಾನು ಹಾಡಲಾರೆ.”

ಗುರು ಈ ಕತೆ ಹೇಳಿದರು.

ಒಂದು ಸೀಮೆಯಲ್ಲಿ ಒಬ್ಬ ದೊರೆ ದೊಡ್ಡದೊಂದು ಕೆರೆ ಕಟ್ಟಿಸಿದ. ಕಟ್ಟಿಸಿದ್ದು ದೊರೆ, ಕಟ್ಟಿದ್ದು ಹನ್ನೆರಡು ಹಳ್ಳಿಯವರು. ಮಣ್ಣು ಹೊತ್ತವರಲ್ಲಿ ಒಬ್ಬಳು ಹಾಡುಗಾರ್ತಿ ಇದ್ದಳು. ಅವಳು ಮುಂದೆ ನಡೆಯುತ್ತ ಒಂದು ಸಾಲು ಎತ್ತಿದರೆ ಹಿಂದಿನವರು ಅದನ್ನು ಹಿಡಿಯುತ್ತಿದ್ದರು. ಅವಳು ಹಾಡಿದರೆ ತಲೆಯ ಮೇಲಿನ ಬುಟ್ಟಿ ಹಗುರವಾಗುತ್ತಿತ್ತು ಎಂದು ಜನ ಹೇಳುತ್ತಾರೆ. ಬುಟ್ಟಿ ಹಗುರವಾಗುವುದಿಲ್ಲ. ಹೊತ್ತವರಿಗೆ ಬುಟ್ಟಿಯ ನೆನಪಿರುತ್ತಿರಲಿಲ್ಲ, ಅಷ್ಟೆ.

ಕೆರೆ ತುಂಬಿತು. ನೀರು ಮೊದಲು ದೊರೆಯ ಹೂದೋಟಕ್ಕೆ ಹೋಯಿತು. ಆಮೇಲೂ ಹೂದೋಟಕ್ಕೇ ಹೋಯಿತು. ಹಳ್ಳಿಗಳ ಕಡೆಯ ತೂಬು ತೆರೆಯಲೇ ಇಲ್ಲ. ಅಷ್ಟು ಹೊತ್ತಿಗೆ ಹಾಡುಗಾರ್ತಿಯ ಹೆಸರು ನೆರೆಯ ಸೀಮೆಗಳನ್ನು ಮುಟ್ಟಿತ್ತು. ಹೂದೋಟವನ್ನು ಹೊಗಳಿ ಹಾಡಬೇಕೆಂದು ಅರಮನೆ ಅವಳನ್ನು ಕರೆಸಿತು. ಅವಳು ಬಂದಳು. ಆದರೆ ಹೊಸ್ತಿಲು ದಾಟಲಿಲ್ಲ. ಹೊರಗೇ ನಿಂತು ಹಾಡಿದಳು.

ಕೆರೆಯ ಕಟ್ಟಿದ ಕೈಗೆ ಬೊಬ್ಬೆಯೆದ್ದಾವವ್ವ
ಅರಸನ ಹೂದೋಟ ನಗತೈತಿ – ನಮ್ಮನೆಯ
ಕೊಡಗಳ ಬಾಯಿ ಒಣಗ್ಯಾವ

ಕೊನೆಯ ಸಾಲಿನಲ್ಲಿ ‘ಬಾಯಿ’ ಎಂದ ಮೇಲೆ ಅವಳು ಒಂದು ಗಳಿಗೆ ನಿಲ್ಲುತ್ತಿದ್ದಳು. ಅವಳು ನಿಂತಷ್ಟು ಹೊತ್ತಿನಲ್ಲಿ ಕೇಳುವವರೆಲ್ಲ ತಮ್ಮ ತಮ್ಮ ಮನೆಯ ಕೊಡ ನೋಡಿಕೊಂಡು ಬರುತ್ತಿದ್ದರು.

ಮರುದಿನವೇ ದೊರೆಯ ಅಪ್ಪಣೆ ಹೊರಟಿತು. ಅವಳ ಹಾಡು ಹಾಡಿದವರನ್ನು ಮನೆಮಂದಿಯ ಸಮೇತ ಸೀಮೆಯಿಂದ ಹೊರಗಟ್ಟುವುದು. ಹಳ್ಳಿಗಳು ಬಾಯಿ ಮುಚ್ಚಿದವು. ಹಾಡುಗಾರ್ತಿ ಮುಚ್ಚಲಿಲ್ಲ. ಅವಳನ್ನು ಹೊರಗಟ್ಟಿದರೆ ನೆರೆಯ ದೊರೆ ಓಲಗ ಊದಿಸಿ ಕರೆದೊಯ್ಯುತ್ತಾನೆಂದು ಮಂತ್ರಿ ಹೆದರಿದ್ದರಿಂದ ಅರಮನೆ ಅವಳನ್ನು ಸುಮ್ಮನೆ ಬಿಟ್ಟಿತು. ಒಂದು ತಿಂಗಳು ಬಿಟ್ಟಿತು. ಆಮೇಲೆ ಒಂದು ಬೆಳಗ್ಗೆ ಅವಳ ಹೆಣ ಅದೇ ಕೆರೆಯಲ್ಲಿ ತೇಲಿತು.

ಅವಳಿಗೆ ಹಿಮ್ಮೇಳ ಹಾಡುತ್ತಿದ್ದ ಒಬ್ಬಳು ಮುದುಕಿ ಇದ್ದಳು. ಆ ಬೆಳಗ್ಗೆ ಕೆರೆಯ ಏರಿಯ ಮೇಲೆ ಹಾಡುಗಾರ್ತಿಯ ಜೊತೆಗಿದ್ದವಳು ಅವಳೊಬ್ಬಳೇ. ಮುದುಕಿಗೆ ಗೆಳತಿ ಹೋದ ದುಃಖ ಒಂದು ಕಡೆ. ಇನ್ನೊಂದು ಕಡೆ ಅದಕ್ಕಿಂತ ದೊಡ್ಡ ಭಯ. ಗೆಳತಿ ಕಟ್ಟಿದ ಹಾಡುಗಳು ಒಟ್ಟು ಮೂವತ್ತೆಂಟು. ಅಷ್ಟೂ ಬರುವುದು ಈಗ ತನಗೊಬ್ಬಳಿಗೇ. ತನಗೆ ಎಪ್ಪತ್ತು ದಾಟಿದೆ. ಕಲಿಯಲು ಯಾರಿಗೂ ಧೈರ್ಯವಿಲ್ಲ. ತಾನು ಕಣ್ಣು ಮುಚ್ಚಿದರೆ ಹಾಡುಗಾರ್ತಿ ಎರಡನೆಯ ಸಲ ಸಾಯುತ್ತಾಳೆ, ಆ ಸಾವಿನ ಬಗ್ಗೆ ಯಾರಿಗೂ ಅನುಮಾನ ಇರುವುದಿಲ್ಲ.

ಇತ್ತ ಹನ್ನೆರಡು ಹಳ್ಳಿಯವರು ಕೆರೆಯ ಹೂಳೆತ್ತಲು ಬರುವುದನ್ನು ನಿಲ್ಲಿಸಿಬಿಟ್ಟರು. “ಅವಳು ಹೇಗೆ ಸತ್ತಳೆಂದು ತೀರ್ಮಾನವಾಗಲಿ, ಆಮೇಲೆ ಬುಟ್ಟಿ ಹಿಡಿಯುತ್ತೇವೆ” ಎಂದರು. ಮಳೆಗಾಲಕ್ಕೆ ಮೂರು ತಿಂಗಳಿತ್ತು. ಕಾಲು ಜಾರಿ ಸತ್ತಳೆಂಬ ಒಂದು ತೀರ್ಪು ಬೇಗ ಬಂದರೆ ಸಾಕೆಂದು ದೊರೆ ವಿಚಾರಣೆಗೆ ಅಪ್ಪಣೆ ಕೊಟ್ಟ. ಅದಕ್ಕೊಬ್ಬ ಅಧಿಕಾರಿಯನ್ನು ನೇಮಿಸಿದ. ಆ ಅಧಿಕಾರಿ ಬಹಳ ಪ್ರಾಮಾಣಿಕ. ದೊರೆಗೆ ಅದು ಆಮೇಲೆ ಗೊತ್ತಾಯಿತು.

ವಿಚಾರಣೆಗೆ ದೊರೆಯ ಅಜ್ಜ ಒಂದು ಕ್ರಮ ಹಾಕಿಕೊಟ್ಟು ಅರಮನೆಯ ಬಾಗಿಲ ಕಲ್ಲಿನಲ್ಲಿ ಕೆತ್ತಿಸಿದ್ದ. ಸಾಕ್ಷಿ ಹೇಳುವಾಗ ಆಡಿದ ಮಾತಿಗೆ ಶಿಕ್ಷೆಯಿಲ್ಲ. ಸಾಕ್ಷಿ ಹೇಳಿದ್ದನ್ನು ಶಾನುಭೋಗ ಕಡತದಲ್ಲಿ ಬರೆದು, ಹೇಳಿದಂತೆಯೇ ಓದಿ ಕೇಳಿಸಬೇಕು. ಹೇಳಿದವರು ಒಪ್ಪಿ ಗುರುತು ಹಾಕಬೇಕು. ತೀರ್ಪಿಗೆ ಮುಂಚೆ ಎಲ್ಲ ಹೇಳಿಕೆಗಳನ್ನೂ ದೊರೆ ತುಂಬಿದ ಸಭೆಯಲ್ಲಿ ಕೂತು ಪೂರ್ತಿ ಕೇಳಬೇಕು. ನಡುವೆ ಎದ್ದರೆ ಮತ್ತೆ ಮೊದಲಿನಿಂದ. ಅಜ್ಜ ಒಳ್ಳೆಯವನಿರಬೇಕು, ಇಲ್ಲವೇ ಮೊಮ್ಮಗನನ್ನು ಚೆನ್ನಾಗಿ ಬಲ್ಲವನು.

ಏರಿಯ ಮೇಲೆ ಚಪ್ಪರ ಹಾಕಿದರು. ಊರೆಲ್ಲ ಬಂದು ಕೂತಿತು. ಮುದುಕಿಯನ್ನು ಮೊದಲು ಕರೆದರು.

“ಆ ದಿನ ನಿನ್ನ ಗೆಳತಿ ನಿನಗೆ ಏನು ಹೇಳಿದಳು?” ಎಂದು ಅಧಿಕಾರಿ ಕೇಳಿದ.

“ಆ ದಿನದ್ದು ಹೇಳಬೇಕಾದರೆ ಮೊದಲ ದಿನದಿಂದ ಹೇಳಬೇಕು, ಸ್ವಾಮಿ. ನಡುವಿನಿಂದ ಹೇಳಲು ನನಗೆ ಬರುವುದಿಲ್ಲ.”

“ಸರಿ, ಮೊದಲ ದಿನ ಏನು ಹೇಳಿದಳು?”

“ಹೇಳಲಿಲ್ಲ. ಹಾಡಿದಳು.”

“ಏನು ಹಾಡಿದಳು?”

ಮುದುಕಿ ಸೆರಗು ಸರಿಮಾಡಿಕೊಂಡಳು. “ಹಾಡಿದರೆ ಹೊರಗಟ್ಟುತ್ತೀರಲ್ಲ, ಸ್ವಾಮಿ?”

ಅಧಿಕಾರಿ ಕಲ್ಲಿನ ಕ್ರಮ ನೆನಪಿಸಿಕೊಂಡ. “ಇದು ಸಾಕ್ಷಿ. ಸಾಕ್ಷಿಗೆ ಶಿಕ್ಷೆಯಿಲ್ಲ. ಹೇಳು.”

ಮುದುಕಿ ಹಾಡಿದಳು. ಧ್ವನಿ ಒಡೆದಿತ್ತು, ಹಾಡು ಒಡೆದಿರಲಿಲ್ಲ. ಶಾನುಭೋಗ ಬರೆದುಕೊಂಡ. ಆಮೇಲೆ ಎದ್ದು ನಿಂತು ಗಟ್ಟಿಯಾಗಿ ಓದಿದ.

“ಇದು ನಾನು ಹೇಳಿದ್ದಲ್ಲ” ಎಂದಳು ಮುದುಕಿ.

“ಅಜ್ಜೀ, ಒಂದಕ್ಷರ ಬಿಟ್ಟಿಲ್ಲ!”

“ಅಕ್ಷರ ಎಲ್ಲ ಇವೆಯಪ್ಪ. ನಾನು ಹಾಡಿದೆ, ನೀನು ಡಂಗುರ ಸಾರಿದೆ. ಎರಡನೇ ಸಾಲಿನಲ್ಲಿ ಅವಳು ಎಳೆಯುತ್ತಿದ್ದಳು, ನೀನೆಲ್ಲಿ ಎಳೆದೆ? ಹೇಳಿದಂತೆಯೇ ಕೇಳಿಸದಿದ್ದರೆ ನಾನು ಗುರುತು ಹೇಗೆ ಹಾಕಲಿ?”

ಶಾನುಭೋಗ ಅಧಿಕಾರಿಯ ಮುಖ ನೋಡಿದ. ಅಧಿಕಾರಿ ಕಲ್ಲಿನ ಮಾತನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಓದಿಕೊಂಡ. ‘ಹೇಳಿದಂತೆಯೇ’ ಎಂದಿತ್ತು. “ಎಳೆಯಿರಿ” ಎಂದ.

ಶಾನುಭೋಗ ಹುಟ್ಟಿದಾಗಿನಿಂದ ಹಾಡಿದವನಲ್ಲ. ಎಳೆದ. ಊರು ಬಿದ್ದು ಬಿದ್ದು ನಕ್ಕಿತು.

“ಮೂಗು ಬಿಡಪ್ಪ, ಹೊಟ್ಟೆಯಿಂದ ತೆಗೆ. ಮನೆಯಲ್ಲಿ ಊಟ ಹಾಕುವುದಿಲ್ಲವೇ ನಿನಗೆ?” ಎಂದಳು ಮುದುಕಿ.

ಹೊತ್ತು ಇಳಿಯುವವರೆಗೆ ಅವನು ಅದೇ ಹಾಡನ್ನು ಹತ್ತೊಂಬತ್ತು ಸಲ ಹಾಡಿದ. ಹತ್ತೊಂಬತ್ತನೆಯ ಸಲ ಯಾರೂ ನಗಲಿಲ್ಲ. ಮುದುಕಿ ಗುರುತು ಹಾಕಿದಳು. ಕೇಳಿ ಕೇಳಿ ಚಪ್ಪರದಡಿ ಕೂತವರಿಗೆಲ್ಲ ಹಾಡು ಬಾಯಿಗೆ ಬಂದಿತ್ತು.

ಮರುದಿನ ಎರಡನೆಯ ಹಾಡು. ಅದರ ಮರುದಿನ ಮೂರನೆಯದು. ದಿನಕ್ಕೊಂದು ಹಾಡಿನಂತೆ ಮುದುಕಿ ಆ ಬೆಳಗಿನ ಕಡೆಗೆ ನಡೆದಳು. ಅವಳು ಗುರುತು ಹಾಕಿದ ಮೇಲೆ ಉಳಿದ ಹೊತ್ತಿನಲ್ಲಿ ಬೇರೆಯವರ ಸಾಕ್ಷಿ. ಅವರಿಗೆಲ್ಲ ಒಂದೇ ಪ್ರಶ್ನೆ: ಹಾಡುಗಾರ್ತಿಯನ್ನು ನೀನು ಕೊನೆಯ ಸಲ ಕಂಡದ್ದು ಯಾವಾಗ, ಆಗ ಅವಳು ಏನು ಹಾಡುತ್ತಿದ್ದಳು? ಕುಂಬಾರ ಬಂದ, ಅಗಸಗಿತ್ತಿ ಬಂದಳು, ಅಂಬಿಗ ಬಂದ. ಯಾರೂ ಸುಳ್ಳು ಹೇಳಲಿಲ್ಲ. ಯಾರನ್ನೇ ಆಗಲಿ ಕೊನೆಯ ಸಲ ಕಂಡ ದಿನ ಎಲ್ಲರಿಗೂ ಒಂದು ಇದ್ದೇ ಇರುತ್ತದೆ. ಸತ್ತದ್ದು ಹೇಗೆ ಎಂದು ಕೇಳಿದರೆ ಮಾತ್ರ ಒಬ್ಬೊಬ್ಬರದು ಒಂದೊಂದು ಮಾತು. ಜಾರಿದಳು, ನೂಕಿದರು, ಹಾರಿದಳು. ಎಲ್ಲವನ್ನೂ ಶಾನುಭೋಗ ಬರೆದುಕೊಂಡ.

ಇಪ್ಪತ್ತನೆಯ ದಿನ ಒಬ್ಬ ನೇಕಾರ ಮುದುಕಿಯ ಗುಡಿಸಲಿಗೆ ಬಂದ. ಅವನಿಗೆ ಸಿಟ್ಟು ಬಂದಿತ್ತು. “ಏನಜ್ಜಿ, ಇದೇನು ಆಟ ಹೂಡಿದ್ದೀ? ಕಂಡವಳು ನೀನು. ನೂಕಿದ್ದರೆ ನೂಕಿದರು ಅನ್ನು. ಜಾರಿದ್ದರೆ ಜಾರಿದಳು ಅನ್ನು. ನ್ಯಾಯ ಆಗಲಿ.”

ಮುದುಕಿ ಅವನಿಗೆ ಕೂರಲು ಮಣೆ ಕೊಟ್ಟಳು. “ನೂಕಿದರು ಅಂದೆ ಅಂತಿಟ್ಟುಕೋ. ದೊರೆ ಇಬ್ಬರು ಕಾವಲುಗಾರರನ್ನು ಹಿಡಿದು ನೇಣಿಗೆ ಹಾಕಿ, ನ್ಯಾಯ ಆಯಿತು, ಮನೆಗೆ ಹೋಗಿ ಅಂತಾನೆ. ಜಾರಿದಳು ಅಂದರೆ, ಅಯ್ಯೋ ಪಾಪ, ಮನೆಗೆ ಹೋಗಿ ಅಂತಾನೆ. ಎರಡರಲ್ಲೂ ನಾವು ಮನೆಗೆ ಹೋಗುವುದೇ. ಮನೆಗೆ ಹೋದ ಮೇಲೆ ಹಾಡುವ ಹಾಗಿಲ್ಲ. ಇನ್ನೂ ಹದಿನೆಂಟು ಹಾಡು ಉಳಿದಿವೆ ಕಣಪ್ಪ ನನ್ನ ಹತ್ತಿರ.”

ಮರುದಿನ ಸಾಕ್ಷಿ ಹೇಳುವವರ ಸಾಲಿನಲ್ಲಿ ನೇಕಾರನೂ ನಿಂತಿದ್ದ.

ಮೂವತ್ತೆಂಟನೆಯ ದಿನ ಕೊನೆಯ ಹಾಡು ಮುಗಿಯಿತು. ಶಾನುಭೋಗ ಅದನ್ನು ಎರಡೇ ಸಲಕ್ಕೆ ಸರಿಯಾಗಿ ಹಾಡಿದ. ಮುದುಕಿ ಗುರುತು ಹಾಕಿದಳು.

“ಅದಾದ ಮೇಲೆ ಏನಾಯಿತು?” ಎಂದು ಅಧಿಕಾರಿ ಕೇಳಿದ. ಅವನು ಮೂವತ್ತೆಂಟು ದಿನ ಕಾದದ್ದು ಈ ಪ್ರಶ್ನೆಗೆ.

“ಹಿಮ್ಮೇಳದವಳು ನಾನು, ಕಣ್ಣು ಮುಚ್ಚಿಕೊಂಡು ಹಾಡುವುದು ನನ್ನ ಅಭ್ಯಾಸ” ಎಂದಳು ಮುದುಕಿ. “ಬರೆದುಕೊಳ್ಳಿ, ಸ್ವಾಮಿ.”

ಇನ್ನು ದೊರೆ ಹೇಳಿಕೆಗಳನ್ನು ಕೇಳಬೇಕಾಗಿತ್ತು. ಅರಮನೆಯ ಬಾಗಿಲು ತೆರೆಯಿತು. ಬದುಕಿದ್ದಾಗ ಹಾಡುಗಾರ್ತಿ ದಾಟದ ಹೊಸ್ತಿಲನ್ನು ಅವಳ ಹಾಡುಗಳು ಕಡತದೊಳಗೆ ಕೂತು ದಾಟಿದವು. ಹೊತ್ತು ತಂದವರು ಅರಮನೆಯ ಆಳುಗಳೇ. ಶಾನುಭೋಗ ಸಭೆಯ ನಡುವೆ ನಿಂತು ಹೇಳಿದಂತೆಯೇ ಕೇಳಿಸಿದ. ಎಳೆಯುವಲ್ಲಿ ಎಳೆದ. ‘ಬಾಯಿ’ ಎಂದ ಮೇಲೆ ನಿಂತ. ಅವನು ನಿಂತಾಗ ಹನ್ನೆರಡು ಹಳ್ಳಿಯ ಜನ ತಿರುಗಿ ದೊರೆಯನ್ನು ನೋಡಿದರು.

ಎರಡನೆಯ ದಿನ ದೊರೆ ತಡೆಯಲಾಗದೆ ಎದ್ದ.

“ಮೊದಲಿನಿಂದ” ಎಂದ ಅಧಿಕಾರಿ.

ಸಭೆಗೆ ಆದ ಸಂತೋಷ ಅಷ್ಟಿಷ್ಟಲ್ಲ. ದೊರೆ ಮತ್ತೆ ಕೂತ. ಆಮೇಲೆ ಒಂಬತ್ತು ದಿನ ಏಳಲಿಲ್ಲ. ನೂರಾರು ಹೇಳಿಕೆಗಳಲ್ಲಿ ಅವೇ ಹಾಡುಗಳು ಮತ್ತೆ ಮತ್ತೆ ಬಂದವು, ಬಂದಾಗಲೆಲ್ಲ ಸಭೆ ದನಿಗೂಡಿಸಿತು. ಅವರೆಲ್ಲ ಸಾಕ್ಷಿಗಳು, ಅವರಿಗೆ ಶಿಕ್ಷೆಯಿಲ್ಲ. ಆ ಒಂಬತ್ತು ದಿನದಂಥ ಕಛೇರಿ ಆ ಅರಮನೆಯಲ್ಲಿ ಹಿಂದೆ ನಡೆದಿರಲಿಲ್ಲ, ಮುಂದೆ ನಡೆಯಲಿಲ್ಲ.

ಕೊನೆಗೆ ದೊರೆ ತೀರ್ಪೇನೆಂದು ಕೇಳಿದ. ಅಧಿಕಾರಿ ಕೈ ಮುಗಿದ.

“ಸಾವಿನ ವಿಷಯದಲ್ಲಿ ಒಬ್ಬರ ಮಾತಿಗೂ ಇನ್ನೊಬ್ಬರ ಮಾತಿಗೂ ತಾಳೆಯಾಗುವುದಿಲ್ಲ, ಮಹಾಸ್ವಾಮಿ. ಹಾಡಿನ ವಿಷಯದಲ್ಲಿ ಇಷ್ಟು ಜನರಲ್ಲಿ ಒಂದಕ್ಷರದ ವ್ಯತ್ಯಾಸವಿಲ್ಲ. ಸಾಬೀತಾದದ್ದು ಅದೊಂದೇ.”

“ಅದು ತೀರ್ಪಲ್ಲ.”

“ಅಲ್ಲ. ವಿಚಾರಣೆ ನಡೆಯುತ್ತಿದೆ ಎಂದು ಬರೆಯಬೇಕಾಗುತ್ತದೆ.”

ಹಾಗೆಯೇ ಬರೆದರು. ದೊರೆ ಮೊಹರು ಹಾಕಿದ. ಹಾಡಬಾರದೆಂಬ ಅಪ್ಪಣೆಯನ್ನು ಯಾರೂ ಹಿಂತೆಗೆದುಕೊಳ್ಳಲಿಲ್ಲ, ಅದರ ಅಗತ್ಯವೂ ಬೀಳಲಿಲ್ಲ. ವಿಚಾರಣೆ ನಡೆಯುತ್ತಿರುವವರೆಗೆ ಹಾಡುವವರೆಲ್ಲ ಸಾಕ್ಷಿಗಳೇ. ನಾಟಿಯ ಗದ್ದೆಯಲ್ಲಿ, ಮದುವೆಯ ಚಪ್ಪರದಲ್ಲಿ, ಬೀಸುವ ಕಲ್ಲಿನ ಮುಂದೆ ಜನ ಮೊದಲು ‘ಕಂಡದ್ದನ್ನು ಕಂಡಂತೆ, ಕೇಳಿದ್ದನ್ನು ಕೇಳಿದಂತೆ ಹೇಳುತ್ತೇನೆ’ ಎಂದು ಪ್ರಮಾಣ ಮಾಡಿ ಆಮೇಲೆ ಹಾಡು ಎತ್ತುತ್ತಿದ್ದರು. ನೀನು ದಿನವೂ ಹಾಡಿಗೆ ಮುಂಚೆ ಹೇಳುವ ಮಾತು ಅದೇ. ದೇವರ ಸ್ತುತಿ ಅಂದುಕೊಂಡಿದ್ದೆಯಲ್ಲ?

ತೀರ್ಮಾನವಾಗಲಿಲ್ಲವೆಂದು ಹಳ್ಳಿಯವರು ಹೂಳೆತ್ತಲಿಲ್ಲ. ಮಳೆಗೆ ಎಂಟು ದಿನವಿದೆ ಎನ್ನುವಾಗ ದೊರೆ ಹಳ್ಳಿಗಳ ಕಡೆಯ ತೂಬು ತೆರೆಸಿದ. ಹಾಡು ಕೇಳಿ ಅವನ ಮನಸ್ಸು ಕರಗಿತು ಎಂದು ಕೆಲವರು ಹೇಳುತ್ತಾರೆ. ಕೆರೆಯಲ್ಲಿ ಹೂಳು ತುಂಬಿತ್ತು ಎಂದು ಕೆಲವರು. ಅಂತೂ ಮರುದಿನ ಬೆಳಗ್ಗೆ ಹನ್ನೆರಡು ಹಳ್ಳಿಯವರು ಬುಟ್ಟಿ ಹಿಡಿದು ಬಂದರು. ಮುಂದೆ ನಡೆದವನು ಶಾನುಭೋಗ. ಹಾಡು ಎತ್ತಿದವನೂ ಅವನೇ.

ಗುರು ಕತೆ ನಿಲ್ಲಿಸಿದರು.

ಶಿಷ್ಯೆಯ ಮುಖ ಅರಳಿತ್ತು. ಆದರೂ ಅವಳು ಬಿಡಲಿಲ್ಲ. “ಮುದುಕಿಗೆ ಗೊತ್ತಿತ್ತು, ಗುರುಗಳೇ. ಕಣ್ಣು ಮುಚ್ಚಿದ್ದೆ ಎಂದದ್ದು ನಾನು ನಂಬುವುದಿಲ್ಲ. ಸಾಯುವ ಮುಂಚೆ ಯಾರಿಗಾದರೂ ಹೇಳಿಯೇ ಇರುತ್ತಾಳೆ. ಅವರು ಅವರ ಶಿಷ್ಯರಿಗೆ, ಅವರು ನಿಮ್ಮ ಗುರುಗಳಿಗೆ. ಈ ಹಾಡು ನಿಮ್ಮವರೆಗೆ ಬಂದ ಹಾಗೆ ಆ ಮಾತೂ ಬಂದಿರಬೇಕು. ನನಗೊಬ್ಬಳಿಗೆ ಹೇಳಿ. ಜಾರಿದಳೋ, ನೂಕಿದರೋ, ಹಾರಿದಳೋ?”

ಗುರು ಹೇಳಿದರು: “ವಿಚಾರಣೆ ಇನ್ನೂ ನಡೆಯುತ್ತಿದೆ, ಮಗಳೇ, ಇವತ್ತಿನ ಸಾಕ್ಷಿ ನೀನು.”